ರೋಬೋಟಿಗೆ ಸೀಟಿ ಕಲಿಸಿದ ಮಾಸ್ತರು

ಹೋದ ತಿಂಗಳು ನಮ್ಮ ಪಿ.ಟಿ. ಮಾಸ್ತರು ನಿವೃತ್ತರಾದರು. ತಿಕೋಟಾದ ನಮ್ಮ ಶಾಲೆಯ ಅಂಗಳದಲ್ಲಿ ಪೆಂಡಾಲು ಹಾಕಿ, ಅವರ ತಲೆಗೆ ರುಮಾಲು ಸುತ್ತಿ, ಶಾಲು ಹೊದಿಸಿ, ಸನ್ಮಾನಪತ್ರ ಓದಿದರು. ‘ಮಿತಭಾಷಿಗಳೂ ಶಾಂತಮೂರ್ತಿಗಳೂ ಆದ’ ಎಂದು ಅದು ಶುರುವಾದಾಗ ನನ್ನ ಸಾಲಿನಲ್ಲಿ ಕೂತಿದ್ದ ಹಳೆಯ ವಿದ್ಯಾರ್ಥಿಗಳೆಲ್ಲ ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡರು. ಮಾಸ್ತರು ಒಂದು ಸಲ “ಲೇ” ಅಂದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತವರೂ ತಿರುಗಿ ನೋಡುತ್ತಿದ್ದರು. ಅಂಥವರನ್ನು ಶಾಂತಮೂರ್ತಿ ಅಂದವರು ಆ ಪತ್ರವನ್ನು ಬೇರೆ ಯಾರದೋ ಸನ್ಮಾನದಿಂದ ಎತ್ತಿಕೊಂಡು ಬಂದಿರಬೇಕು.

ಅದರಲ್ಲಿ ಖೋಖೋ ಇತ್ತು, ಕಬಡ್ಡಿ ಇತ್ತು, ಧ್ವಜವಂದನೆಯ ಶಿಸ್ತು ಇತ್ತು. ರೋಬೋಟ್ ಮಾತ್ರ ಇರಲಿಲ್ಲ. ನನಗೆ ಸಿಟ್ಟು ಬಂತು. ನಾನು ಈಗ ತಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿ ತೋಟಗಳಿಗೆ ಹನಿ ನೀರಾವರಿಯ ಯಂತ್ರಗಳನ್ನು ಕೂಡಿಸುತ್ತೇನೆ. ನೀರು ಯಾವಾಗ ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಯಂತ್ರಕ್ಕೆ ಹೇಳಿಕೊಡುವುದು ನನ್ನ ಹೊಟ್ಟೆಪಾಡು. ಈ ಕೆಲಸಕ್ಕೆ ನನ್ನನ್ನು ಹಚ್ಚಿದವರು ಯಾರು ಎಂದರೆ ಖೋಖೋ ಅಂಪೈರು ಎಂದು ಹೇಳಬೇಕಾಗುತ್ತದೆ. ಕೇಳಿದವರು ನಾನು ಚೇಷ್ಟೆ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಅವರೂ ನಮ್ಮನ್ನು ಯಾವತ್ತೂ ಹೆಸರು ಹಿಡಿದು ಕರೆಯಲಿಲ್ಲ. ನಮ್ಮ ಶಾಲೆಗೆ ಸುತ್ತಲಿನ ಹಳ್ಳಿಗಳಿಂದ ಮಕ್ಕಳು ಬರುತ್ತಿದ್ದರು. ಮಾಸ್ತರರಿಗೆ ನಾವೆಲ್ಲ ನಮ್ಮ ನಮ್ಮ ಊರುಗಳೇ. ನಾನು ಘೋಣಸಗಿ. ನನ್ನ ಊರಿನ ಇನ್ನೊಬ್ಬಳು ಸಣ್ಣ ಘೋಣಸಗಿ. ಹಾಸ್ಟೆಲಿನಲ್ಲಿದ್ದ ಕುರಿ ಸಾಕುವವರ ಮನೆಯ ಹುಡುಗ ಮಮದಾಪುರ. ಮೈದಾನದಲ್ಲಿ ಅವರು “ಏ ಮಮದಾಪುರ, ಲಗೂ ಓಡು, ಘೋಣಸಗಿ ಹಿಂದ ಬರಾಕತ್ತಾಳ” ಎಂದು ಕೂಗಿದರೆ ದಾರಿಯಲ್ಲಿ ಹೋಗುವವರಿಗೆ ಊರಿಗೂರೇ ಓಡುತ್ತಿರುವಂತೆ ಕೇಳುತ್ತಿತ್ತು.

ಗಿಡ್ಡ ಆಳು, ಸ್ವಲ್ಪ ಹೊಟ್ಟೆ, ಸುಣ್ಣ ಬಳಿದಂಥ ಬಿಳಿ ಕ್ಯಾನ್ವಾಸ್ ಬೂಟು. ಕೊರಳಲ್ಲಿ ನೀಲಿ ದಾರದ ಸೀಟಿ. ಅದು ಹೆಚ್ಚು ಹೊತ್ತು ಅವರ ಬಾಯಲ್ಲೇ ಇರುತ್ತಿದ್ದುದರಿಂದ ಅವರ ಅರ್ಧ ಮಾತು ಸೀಟಿಯಾಗಿಯೇ ಹೊರಗೆ ಬರುತ್ತಿತ್ತು. ಚಹಾ ಕುಡಿಯುವಾಗ ಮಾತ್ರ ಅದನ್ನು ತೆಗೆದು ಅಂಗಿಯ ಕಿಸೆಗೆ ಹಾಕಿ, ಬಶಿಗೆ ಚಹಾ ಸುರಿದುಕೊಂಡು, ಸುತ್ತಲಿನವರಿಗೆಲ್ಲ ಕೇಳುವಂತೆ ಹೀರುತ್ತಿದ್ದರು. ಅವರದೊಂದು ಕಾಯಿದೆ ಇತ್ತು: “ಸೀಟಿ ಹೊಡದ ಮ್ಯಾಲ ಮಾತಿಲ್ಲ.” ಅವರು ಔಟ್ ಅಂದರೆ ಔಟ್, ಫೌಲ್ ಅಂದರೆ ಫೌಲ್. ಹೆಡ್ ಮಾಸ್ತರರು ಬಂದು ಹೇಳಿದರೂ ತೀರ್ಪು ಹಿಂದಕ್ಕೆ ಹೋಗುತ್ತಿರಲಿಲ್ಲ.

ಆ ಕಾಯಿದೆ ನನ್ನ ಮೇಲೆಯೇ ಬಿತ್ತು. ಖೋಖೋ ಆಡಿದವರಿಗೆ ಗೊತ್ತು, ಬೆನ್ನಟ್ಟುವ ತಂಡದವರು ಸಾಲಾಗಿ ಕುಕ್ಕುರುಗಾಲಲ್ಲಿ ಕೂತಿರಬೇಕು. ತಮ್ಮವರು ಹಿಂದಿನಿಂದ ಬೆನ್ನು ಮುಟ್ಟಿ ‘ಖೋ’ ಅನ್ನುವ ತನಕ ಏಳುವಂತಿಲ್ಲ. ನನಗೆ ಓಡುವುದು ಚೆನ್ನಾಗಿ ಬರುತ್ತಿತ್ತು, ಕೂಡುವುದು ಬರುತ್ತಿರಲಿಲ್ಲ. ಒಂಬತ್ತನೇ ಇಯತ್ತೆಯಲ್ಲಿದ್ದಾಗ ತಾಲೂಕಿನ ತಂಡಕ್ಕೆ ಆಯ್ಕೆ ಮಾಡಲು ಆಡಿಸಿದ ಆಟದಲ್ಲಿ ಎರಡು ಸಲ ಮೊದಲೇ ಎದ್ದೆ, ಎರಡು ಸಲ ಸೀಟಿ ಬಿತ್ತು. ಮೂರನೇ ಸಲ ಬೆನ್ನ ಮೇಲೆ ಕೈ ಬಿದ್ದ ಮೇಲೆಯೇ ಎದ್ದಿದ್ದೆ. ಮತ್ತೆ ಸೀಟಿ.

“ಸರ, ಖೋ ಕೊಟ್ಟ ಮ್ಯಾಲ ಎದ್ದೇನ್ರಿ!”

“ಸೀಟಿ ಹೊಡದ ಮ್ಯಾಲ ಮಾತಿಲ್ಲ. ಮೂರು ಫೌಲ್. ಹೊರಗ ನಡಿ.”

ಹೊರಗೆ ನಡೆದೆ. ಅತ್ತೆ. ಆ ದಿನದಿಂದ ಇಡೀ ಶಾಲೆಗೆ ನಾನು ‘ಮೂರು ಫೌಲ್’ ಆದೆ. ನನ್ನ ಕೈಯಿಂದ ನೀರಿನ ಲೋಟ ಜಾರಿದರೂ ಮೂರು ಫೌಲ್. ಗಣಿತದಲ್ಲಿ ಉತ್ತರ ತಪ್ಪಿದರೂ ಮೂರು ಫೌಲ್.

ಇಷ್ಟರಲ್ಲಿ ಶಾಲೆಗೆ ರೋಬೋಟಿನ ಪೆಟ್ಟಿಗೆ ಬಂತು. ಅದಕ್ಕಾಗಿ ಓಡಾಡಿದ್ದ ವಿಜ್ಞಾನದ ಸರ್ ಅದು ಬರುವ ಹೊತ್ತಿಗೆ ವರ್ಗವಾಗಿ ಹೋಗಿದ್ದರು. ಪೆಟ್ಟಿಗೆಯ ಮೇಲೆ ಮಕ್ಕಳ ತಂಡಗಳ ಸ್ಪರ್ಧೆ ಎಂದು ಬರೆದಿತ್ತು. ನಮ್ಮ ಕಡೆಯ ಶಾಲೆಗಳಲ್ಲಿ ‘ಸ್ಪರ್ಧೆ’ ಎಂಬ ಶಬ್ದ ಎಲ್ಲಿ ಕಂಡರೂ ಅದು ಪಿ.ಟಿ. ಮಾಸ್ತರರ ಕೊರಳಿಗೇ ಬೀಳುತ್ತದೆ. ಭಾಷಣ ಸ್ಪರ್ಧೆಯಾಗಲಿ, ರಂಗೋಲಿ ಸ್ಪರ್ಧೆಯಾಗಲಿ, ಮಕ್ಕಳನ್ನು ಬಸ್ಸು ಹತ್ತಿಸಿ, ಊಟ ಮಾಡಿಸಿ, ಎಣಿಸಿ ಮನೆ ಮುಟ್ಟಿಸುವ ವಿದ್ಯೆ ಅವರೊಬ್ಬರಿಗೇ ಗೊತ್ತಿರುತ್ತದಲ್ಲ! ಹೆಡ್ ಮಾಸ್ತರರು ಪೆಟ್ಟಿಗೆ ತೋರಿಸಿದಾಗ ನಮ್ಮವರು ಅದರೊಳಗಿನ ಗಾಲಿ, ವಾಯರು, ಮೋಟರುಗಳನ್ನು ನೋಡಿ, “ಸ್ಪರ್ಧಾ ಅಂದ್ರ ನಂದ ಬಿಡ್ರಿ” ಎಂದು ಹೆಗಲ ಮೇಲಿಟ್ಟುಕೊಂಡು ಹೊರಟೇಬಿಟ್ಟರಂತೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರಂತೆ. ಅವರಿಗೆ ಅದು ಕೇಳಿಸಲಿಲ್ಲವೋ, ಕೇಳಿಸಿದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೋ ಗೊತ್ತಿಲ್ಲ.

ಮರುದಿನ ನನ್ನನ್ನು ಮೈದಾನದ ಅಂಚಿನಿಂದ ಕರೆದರು.

“ಘೋಣಸಗಿ, ಬಾ ಇಲ್ಲೆ. ರೋಬೋಟಿನ ತಂಡಕ್ಕ ನೀ ಸೇರಬೇಕು.”

“ನನಗ ಖೋಖೋ ಬೇಕ್ರಿ ಸರ. ಆಟಿಗಿ ಸಾಮಾನ ಬ್ಯಾಡ.”

“ಖೋಖೋದಾಗ ಕೂಡೂದ ಬರಾಂಗಿಲ್ಲ ನಿನಗ. ಇದು ಕುಂತು ಆಡೂ ಆಟ. ಮೊದಲ ಕುಂಡ್ರೂದ ಕಲಿ.”

ಶಿಕ್ಷೆ ಎಂದೇ ತಿಳಿದು ಸೇರಿದೆ. ಆ ಕೋಣೆಯಲ್ಲಿ ಆಗಲೇ ಮಮದಾಪುರ ಇದ್ದ. ಅವನ ಕೈಗೆ ಯಾವ ಸ್ಕ್ರೂ ಕೊಟ್ಟರೂ ಅದು ತಾನಾಗಿ ಕೂಡುತ್ತಿತ್ತು. ತಿಕೋಟಾ ಇದ್ದಳು, ಅವಳ ಮನೆಯವರಿಗೆ ಊರ ಹೊರಗೆ ದ್ರಾಕ್ಷಿ ಒಣಗಿಸುವ ಶೆಡ್ಡು ಇತ್ತು, ಆದ್ದರಿಂದ ಅವಳ ಕಿಸೆಯಲ್ಲಿ ಯಾವಾಗಲೂ ಮಣೂಕ ಇರುತ್ತಿತ್ತು. ಮೂರನೆಯವಳು ನಾನು. ಮೂವರಲ್ಲಿ ಕಂಪ್ಯೂಟರಿನ ಮುಂದೆ ಕೂತು ರೋಬೋಟಿಗೆ ಹೇಳಿಕೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೇಜಿನ ಮೇಲೆ ಹಾಸಿದ ಹಾಳೆಯ ಕಪ್ಪು ಗೆರೆ ಹಿಡಿದು ಅದು ಹೋಗಬೇಕು, ಸಣ್ಣ ಡಬ್ಬಿಗಳನ್ನು ಅವುಗಳ ಮನೆಗೆ ಮುಟ್ಟಿಸಬೇಕು. ಸ್ಪರ್ಧೆ ಅಂದರೆ ಅಷ್ಟೇ. ಅಷ್ಟಕ್ಕೇ ನಮ್ಮ ಮಳೆಗಾಲ ಪೂರ್ತಿ ಹೋಯಿತು.

ಮಾಸ್ತರರಿಗೆ ಇದರಲ್ಲಿ ಏನೇನೂ ತಿಳಿಯುತ್ತಿರಲಿಲ್ಲ. ಅದನ್ನು ಮುಚ್ಚಿಡುವ ಗೊಡವೆಗೂ ಅವರು ಹೋಗಲಿಲ್ಲ. ಪ್ಲಾಸ್ಟಿಕ್ ಕುರ್ಚಿಯನ್ನು ಹಿಂದುಮುಂದಾಗಿ ಹಾಕಿಕೊಂಡು, ಅದರ ಬೆನ್ನ ಮೇಲೆ ಗಲ್ಲ ಊರಿ, “ಹ್ಞಾಂ, ಇವತ್ತ ಏನ ಮಾಡಿದ್ರಿ, ನನಗ ತಿಳಿಯೂಹಂಗ ಹೇಳ್ರಿ” ಅನ್ನುತ್ತಿದ್ದರು. ನಾವು ಹೇಳುತ್ತಿದ್ದೆವು. “ತಿಳೀಲಿಲ್ಲ.” ಮತ್ತೆ ಹೇಳುತ್ತಿದ್ದೆವು. “ಇನ್ನೂ ತಿಳೀಲಿಲ್ಲ.” ಬೇರೆ ಯಾವ ಮಾಸ್ತರರೂ ಮಕ್ಕಳ ಮುಂದೆ ಇಷ್ಟು ಗಟ್ಟಿ ದನಿಯಲ್ಲಿ ತಿಳಿಯಲಿಲ್ಲ ಅಂದದ್ದನ್ನು ನಾನು ಕೇಳಿಲ್ಲ.

ರೋಬೋಟ್ ಎಡಕ್ಕೆ ಹ್ಯಾಗೆ ತಿರುಗುತ್ತದೆ ಎಂದು ಅವರಿಗೆ ತಿಳಿಸಲು ನಾನು ಅರ್ಧ ಗಂಟೆ ಒದ್ದಾಡಿದೆ. ಅದಕ್ಕೆ ಸ್ಟಿಯರಿಂಗ್ ಇಲ್ಲ, ಎರಡು ಗಾಲಿ ಮಾತ್ರ ಇವೆ, ಒಂದು ನಿಧಾನ ಒಂದು ಜೋರು ಎಂದೆ. ತಲೆ ಅಲ್ಲಾಡಿಸಿದರು. ಆಗ ಮಮದಾಪುರ ಬಾಯಿ ಬಿಟ್ಟ.

“ಕುರಿ ಹಿಂಡ ತಿರಗಸೂಮುಂದ ನೋಡಿರೇನ್ರಿ ಸರ? ಒಳಗಿನ ಕುರಿ ಸಾವಕಾಶ ನಡೀತಾವ, ಹೊರಗಿನವು ಓಡತಾವ. ಆಗ ಹಿಂಡ ತಿರಗತೈತಿ.”

“ಹಂಗ ಹೇಳಲೇ! ಈಗ ತಿಳೀತು.” ಮಾಸ್ತರು ಕುರ್ಚಿ ಗುದ್ದಿದರು. “ಘೋಣಸಗಿ, ನೀ ಹಿಂಗ್ಯಾಕ ಹೇಳಲಿಲ್ಲ?”

ನಮ್ಮ ಮನೆಯಲ್ಲಿ ಕುರಿ ಇಲ್ಲ, ಅದಕ್ಕೆ ಎಂದು ನಾನು ಗೊಣಗಿದೆ. ಆದರೆ ಒಂದು ಮಾತು ಖರೆ. ಅವರಿಗೆ ತಿಳಿಸಲು ಹೋಗಿ ನಮಗೇ ನಮ್ಮ ತಪ್ಪು ಸಿಗುತ್ತಿತ್ತು. ಒಂದು ದಿನ ತಿಕೋಟಾ ಕ್ರಮವಾಗಿ ವಿವರಿಸುತ್ತ ಹೋಗಿ, ನಡುವೆ ಬಾಯಿಗೆ ಕೈ ಇಟ್ಟುಕೊಂಡು, “ಅಯ್ಯ, ಡಬ್ಬಿ ಕೆಳಗ ಇಡೂದನ್ನ ನಾವು ಹೇಳೇ ಇಲ್ಲಲ್ರಿ!” ಅಂದಳು. ಎರಡು ದಿನದಿಂದ ರೋಬೋಟ್ ಡಬ್ಬಿ ಹೊತ್ತುಕೊಂಡು ಮದುವಣಗಿತ್ತಿಯಂತೆ ಸುತ್ತುತ್ತಿದ್ದುದು ಅದಕ್ಕೇ. ಆಮೇಲೆ ನಾನೇ ಅವರ ಆ ಪ್ರಶ್ನೆಗೆ ಕಾಯತೊಡಗಿದೆ. ಶಿಕ್ಷೆಯ ಕೋಣೆ ನನಗೆ ಯಾವಾಗ ಪ್ರೀತಿಯ ಕೋಣೆಯಾಯಿತೋ ತಿಳಿಯಲಿಲ್ಲ. ಬಿಟ್ಟ ಬಾಣದಂತೆ ಓಡುತ್ತಿದ್ದವಳು ಸಂಜೆಯ ಗಂಟೆ ಹೊಡೆದರೂ ಮೇಲೆ ಏಳುತ್ತಿರಲಿಲ್ಲ.

ಅಭ್ಯಾಸಕ್ಕೆ ಮೊದಲು ಮೈದಾನಕ್ಕೆ ಸುತ್ತು ಹಾಕಿಸುತ್ತಿದ್ದರು. ರೋಬೋಟಿನವರಿಗೆ ಯಾಕ್ರಿ ರೌಂಡು ಎಂದು ಕೇಳಿದರೆ, “ಅದು ಓಡತೈತಿ, ನಿಮಗೇನ ಧಾಡಿ?” ಅನ್ನುತ್ತಿದ್ದರು. ಡಬ್ಬಿಗಳು ಖಾಲಿ ಇದ್ದರೆ ಹಗುರಾಗಿ ಮಗುಚುತ್ತವೆ ಎಂದು ತಿಕೋಟಾಳ ಮಣೂಕ ತುಂಬಿಸಿದರು. ಡಬ್ಬಿ ಸರಿಯಾಗಿ ಮನೆ ಮುಟ್ಟಿದರೆ ಅದರೊಳಗಿನದು ನಮಗೆ, ಮುಟ್ಟದಿದ್ದರೆ ಅವರಿಗೆ. ಮೊದಮೊದಲು ಅವರೇ ಬಹಳ ತಿಂದರು.

ಸ್ಪರ್ಧೆ ಹತ್ತಿರ ಬಂದಾಗ ಭಾನುವಾರವೂ ಬರಬೇಕೆಂದು ಕೇಳಲು ನಮ್ಮ ಮನೆಗೇ ಬಂದರು. ಘೋಣಸಗಿಯ ನಮ್ಮ ಕಟ್ಟೆಯ ಮೇಲೆ ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು.

“ಬರ್ರಿ ಮಾಸ್ತರ. ಕುಂಡ್ರ್ರಿ. ಈಕಿ ಏನ ಮಾಡ್ಯಾಳ ಮತ್ತ?”

“ಏನೂ ಮಾಡಿಲ್ಲ ಬೇ ಯವ್ವಾ. ರವಿವಾರ ಸಾಲಿಗಿ ಕಳಸ್ರಿ ಅಂತ ಕೇಳಾಕ ಬಂದೇನಿ.”

“ಖೋಖೋದಾಗಿಂದ ತಗದ ಹಾಕೀರಂತಲ್ರಿ?”

“ಮೂರು ಫೌಲ್ ಮಾಡ್ಯಾಳ. ತಡಕೊಳ್ಳೂದ ಇಲ್ಲ ಈಕಿ ಹಂತ್ಯಾಕ.”

ನಾನು ಬಾಗಿಲ ಹಿಂದಿನಿಂದಲೇ, “ಮೂರನೇದು ನಂದಲ್ಲ” ಎಂದು ಕೂಗಿದೆ. ಅವ್ವ ತಿರುಗಿಯೂ ನೋಡಲಿಲ್ಲ.

“ಖರೇ ಹೇಳಿದ್ರಿ ನೋಡ್ರಿ. ಹಾಲ ಕಾಯೂತನಾನೂ ತಡ್ಯಾಂಗಿಲ್ಲ ಈಕಿ. ಹುಟ್ಟೂದೂ ಅವಸರ ಮಾಡಿ ಹುಟ್ಟ್ಯಾಳ. ಒಯ್ರಿ, ನಿಮ್ಮ ಕೈಯಾಗಾದ್ರೂ ಒಂದೀಟು ನೆಟ್ಟಗಾಗ್ಲಿ.”

ಅನುಮತಿ ಸಿಕ್ಕಿತು. ಅದರ ಜೊತೆಗೆ ಮನೆಯಲ್ಲೂ ಮೂರು ಫೌಲ್ ಎಂಬ ಹೆಸರು ಗಟ್ಟಿಯಾಯಿತು. ಹೆತ್ತ ತಾಯಿಯೇ ನಂಬದ ಮೇಲೆ ಮಂದಿ ನಂಬುವುದು ಹ್ಯಾಗೆ ಎಂದು ನನಗೆ ಬಹಳ ಕೆಟ್ಟೆನಿಸಿತು.

ಸೀಟಿಯ ವಿಚಾರ ಬಂದದ್ದು ಆ ಭಾನುವಾರಗಳಲ್ಲೇ. ಸ್ಪರ್ಧೆಯಲ್ಲಿ ಅಂಪೈರು ಸೀಟಿ ಹೊಡೆದ ಕೂಡಲೇ ಮಕ್ಕಳು ಗುಂಡಿ ಒತ್ತಿ ರೋಬೋಟ್ ಬಿಡಬೇಕು ಎಂದು ಮಾಸ್ತರರಿಗೆ ಯಾರೋ ಹೇಳಿದ್ದರು. ಅವರ ಕಿವಿ ನಿಮಿರಿತು.

“ಸೀಟಿ ನೀವು ಕೇಳಬೇಕು, ಆಮ್ಯಾಲ ಗುಂಡಿ ಒತ್ತಬೇಕು, ಆಮ್ಯಾಲ ಅದು ಓಡಬೇಕು. ಓಟದಾಗ ಅಷ್ಟೊತ್ತಿಗೆ ಬಾಜೂದಾಂವ ಮುಂದ ಹೋಗಿರ್ತಾನ. ಅದಕ್ಕ ಸ್ವತಃ ಸೀಟಿ ಕೇಳಾಕ ಬರಾಂಗಿಲ್ಲೇನು?”

ಪೆಟ್ಟಿಗೆ ತಡಕಿದೆವು. ಸಪ್ಪಳ ಕೇಳುವ ಒಂದು ಸಣ್ಣ ಕಿವಿಯೂ ಅದರಲ್ಲಿತ್ತು, ನಾವು ಅದನ್ನು ಮುಟ್ಟಿರಲಿಲ್ಲ. ಒಮ್ಮೆ ಗುಂಡಿ ಒತ್ತಿ ಅದರ ಕಿವಿ ತೆರೆದು ಕೈ ಬಿಟ್ಟರೆ ಸಾಕು, ಸೀಟಿ ಬಿದ್ದ ಕೂಡಲೇ ರೋಬೋಟ್ ತಾನೇ ಹೊರಡುವಂತೆ ನಾನು ಬರೆದೆ. ಮೊದಲ ಸಲ ಅದು ಮಾಸ್ತರರ ಸೀಟಿಗೆ ಟಣ್ಣನೆ ಜಿಗಿದು ಹೊರಟಾಗ ಅವರ ಮುಖ ನೋಡಬೇಕಿತ್ತು. ಇಷ್ಟು ವರ್ಷ ಮೈದಾನದಲ್ಲಿ ಒದರಿದರೂ ಇಷ್ಟು ಚೆಂದ ಮಾತು ಕೇಳುವ ವಿದ್ಯಾರ್ಥಿ ಅವರಿಗೆ ಸಿಕ್ಕಿರಲಿಲ್ಲ.

ಸ್ಪರ್ಧೆಗೆ ಮೊದಲು ಒಂದು ಫ್ರೆಂಡ್ಲಿ ಮ್ಯಾಚ್ ಆಡಬೇಕು ಎಂದರು. ರೋಬೋಟಿಗೆ ಫ್ರೆಂಡ್ಲಿ ಮ್ಯಾಚ್ ಇರುತ್ತದೆಂದು ಯಾರೂ ಕೇಳಿರಲಿಲ್ಲ. ಬಬಲೇಶ್ವರದ ಒಂದು ಶಾಲೆಯಲ್ಲೂ ತಂಡವಿತ್ತು. ಅಲ್ಲಿನ ವಿಜ್ಞಾನದ ಸರ್ ಕಕ್ಕಾಬಿಕ್ಕಿಯಾಗಿ ಒಪ್ಪಿಕೊಂಡರು. ಅಂಪೈರು ನಮ್ಮ ಮಾಸ್ತರರೇ. ಅಲ್ಲಿನ ಮಕ್ಕಳ ಗದ್ದಲಕ್ಕೆ ಒಮ್ಮೆ ನಮ್ಮ ರೋಬೋಟ್ ಸುಮ್ಮಸುಮ್ಮನೆ ಓಡಿತು. ನಾನು ಅಲ್ಲೇ ಕೂತು, ಕೂಗಾಟಕ್ಕೆ ಏಳದೆ ಸೀಟಿಗೆ ಮಾತ್ರ ಏಳುವ ಹಾಗೆ ತಿದ್ದಿದೆ. ಆಮೇಲೆ ಒಂದೂ ತಪ್ಪಲಿಲ್ಲ. ಅವರ ಹುಡುಗರು ಗುಂಡಿ ಹುಡುಕುವುದರೊಳಗೆ ನಮ್ಮದು ಅರ್ಧ ದಾರಿ ಹೋಗಿರುತ್ತಿತ್ತು. ಅವರ ಸರ್ ಹತ್ತಿರ ಬಂದು ಬಗ್ಗಿ ನೋಡಿ, “ಸೀಟಿಗೆ ಓಡತೈತಲ್ರೀ ಇದು!” ಅಂದರು. ನಮ್ಮ ಮಾಸ್ತರು ಮೀಸೆ ತಿರುವಿ, “ಪಿ.ಟಿ. ಮಾಸ್ತರನ ರೋಬೋಟ್ರೀ ಅದು” ಅಂದರು. ನಾವು ಮೂವರೂ ಬಸ್ಸಿನಲ್ಲಿ ಬರುವಾಗ ಗೆದ್ದ ಪೈಲ್ವಾನರಂತೆ ಎದೆ ಸೆಟೆಸಿ ಕೂತಿದ್ದೆವು.

ಆ ಶಾಲೆಯಲ್ಲಿ ಇದ್ದದ್ದು ಒಂದೇ ಸೀಟಿ ಎಂಬುದು ನಮಗಾರಿಗೂ ಹೊಳೆಯಲಿಲ್ಲ.

ಸ್ಪರ್ಧೆ ವಿಜಯಪುರದಲ್ಲಿ, ಸಿದ್ಧೇಶ್ವರ ಗುಡಿಯ ಹತ್ತಿರದ ಒಂದು ಕಲ್ಯಾಣ ಮಂಟಪದಲ್ಲಿ. ಹೆಣ್ಣುಮಕ್ಕಳು ಇದ್ದೇವೆಂದು ಗಣಿತದ ಟೀಚರು ಜೊತೆಗೆ ಬಂದಿದ್ದರು. ಒಳಗೆ ನಾಲ್ಕು ಮೇಜು, ಪ್ರತಿ ಮೇಜಿಗೆ ಒಬ್ಬ ಅಂಪೈರು, ಸುತ್ತ ಹಗ್ಗ. ಹಗ್ಗದೊಳಗೆ ಮಕ್ಕಳಿಗೆ ಮಾತ್ರ ಪ್ರವೇಶ. ತಂಡಕ್ಕೆ ಎರಡು ಸುತ್ತು, ಯಾವುದು ಚೆನ್ನಾಗಿ ಆಯಿತೋ ಅದರ ಅಂಕ ಹಿಡಿಯುತ್ತಾರೆ. ರೋಬೋಟ್ ಬಿಡುವ ಕೆಲಸ ನನ್ನದು. ಆ ಜಾಗಕ್ಕೆ ತಿಕೋಟಾಳಿಗೂ ಆಸೆಯಿತ್ತು. ಹೇಳಿಕೆ ಬರೆದವಳೇ ಬಿಡಲಿ ಎಂದು ಮಾಸ್ತರು ನನ್ನನ್ನು ನಿಲ್ಲಿಸಿದ್ದರು.

ರೋಬೋಟನ್ನು ಗೆರೆಯ ಮೇಲೆ ಇಟ್ಟೆ. ಗುಂಡಿ ಒತ್ತಿ ಕಿವಿ ತೆರೆದೆ. ಕೈ ಹಿಂದಕ್ಕೆ ತೆಗೆದುಕೊಂಡೆ. ನಮ್ಮ ಅಂಪೈರು ಇನ್ನೂ ಸೀಟಿ ಬಾಯಿಗೆ ಇಟ್ಟಿರಲಿಲ್ಲ. ಅಷ್ಟರಲ್ಲಿ ಪಕ್ಕದ ಮೇಜಿನವರು ತಮ್ಮ ತಂಡಕ್ಕೆ ಸೀಟಿ ಹೊಡೆದರು. ನಮ್ಮದು ಹೊರಟೇ ಹೋಯಿತು.

“ಸೀಟಿಗಿಂತ ಮುಂಚೆ ಬಿಟ್ಟಿದೀರಿ. ಈ ಸುತ್ತು ರದ್ದು” ಎಂದು ಅಂಪೈರು ಸೊನ್ನೆ ಬರೆದರು. “ಅವಸರ ಮಾಡಬಾರದಮ್ಮ.”

ಹಗ್ಗದ ಹೊರಗೆ ಬಂದಾಗ ತಿಕೋಟಾಳ ಮುಖ ಕೆಂಪಾಗಿತ್ತು.

“ಕೈ ತಡಿಯಾಂಗಿಲ್ಲಲ್ಲ ನಿನಗ? ಇಲ್ಲೂ ಫೌಲ್ ಮಾಡಿದಿಲ್ಲ?”

“ನಾ ಮುಟ್ಟಿಲ್ಲ! ಬಾಜೂ ಸೀಟಿಗೆ ಓಡೇತಿ ಅದು!”

“ನೀ ತಿದ್ದಿದ ಮ್ಯಾಲ ಬಬಲೇಶ್ವರದಾಗ ಒಮ್ಮೆರೇ ತಪ್ಪೇತೇನು? ನೀ ಮುಟ್ಟಿದ್ದ ನಾ ನೋಡೇನಿ.”

ಅವಳು ನೋಡಿದ್ದು ನಾನು ಕಿವಿ ತೆರೆಯಲು ಒತ್ತಿದ್ದನ್ನು. ಅದನ್ನು ಬಿಡಿಸಿ ಹೇಳುವ ತಾಳ್ಮೆ ಆಗ ನನಗಿರಲಿಲ್ಲ. ಮಮದಾಪುರ ನೆಲ ನೋಡುತ್ತ ನಿಂತ. ಗಣಿತದ ಟೀಚರು ಮಾಸ್ತರರ ಕಡೆ ತಿರುಗಿ, “ಸರ, ಇನ್ನೊಂದ ಸುತ್ತ ಉಳದೈತ್ರಿ. ಈಕಿನ್ನ ಬದಲ ಮಾಡ್ರಿ. ಈಕಿ ಸ್ವಭಾವ ನಿಮಗೇ ಗೊತ್ತೈತಿ” ಎಂದರು.

ಸುತ್ತು ಹೋದದ್ದು ನನಗೆ ದೊಡ್ಡದಾಗಿರಲಿಲ್ಲ. ಮತ್ತೆ ಅದೇ ಮಾತು ಬರುತ್ತದೆ, ಮತ್ತೆ ಹೊರಗೆ ನಡಿ ಅನ್ನುತ್ತಾರೆ, ಇನ್ನು ಜೀವಮಾನದಲ್ಲಿ ನಾನು ಏನು ಹೇಳಿದರೂ ಯಾರೂ ನಂಬುವುದಿಲ್ಲ ಎಂದು ಹೆದರಿದೆ. ಮಾಸ್ತರರ ಬಾಯಲ್ಲಿ ಸೀಟಿ ಇತ್ತು. ಅದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಘೋಣಸಗಿ, ಏನಾತು? ನನಗ ತಿಳಿಯೂಹಂಗ ಹೇಳು.”

ಅಳು ನುಂಗಿಕೊಂಡು ಹೇಳಿದೆ. “ಸರ, ಒಂದ ಮೈದಾನದಾಗ ಎರಡು ಆಟ ನಡದಾವ ಅಂತ ತಿಳಕೋರಿ. ಬಾಜೂ ಆಟದ ಸೀಟಿ ಕೇಳಿ ನಮ್ಮವರು ಓಡಾಂಗಿಲ್ಲ. ಯಾಕಂದ್ರ ಯಾವುದು ನಮ್ಮ ಅಂಪೈರನ ಸೀಟಿ ಅಂತ ನಮಗ ಗೊತ್ತಿರತೈತಿ. ಇದಕ್ಕ ಗೊತ್ತಾಗಾಂಗಿಲ್ರಿ. ಜೋರ್ ಸೀಟಿ ಅಂದ್ರ ಓಡು, ಇಷ್ಟ ಕಲಿಸೇವಿ ನಾವು. ಯಾರ ಸೀಟಿ ಅನ್ನೂದ ಕಲಿಸಿಲ್ಲ.”

ಅವರು ರೋಬೋಟನ್ನು ಎತ್ತಿಕೊಂಡರು. ಆಮೇಲೆ ಅಭ್ಯಾಸಕ್ಕೆಂದು ಇಟ್ಟಿದ್ದ ಮೂಲೆಯ ಮೇಜಿಗೆ ನಮ್ಮನ್ನು ಕರೆದೊಯ್ದರು.

“ಅದನ್ನ ಗೆರಿ ಮ್ಯಾಲ ಇಟ್ಟು, ಅದರ ಕಿವಿ ತೆರದು ದೂರ ಸರೀರಿ. ಮೂರೂ ಮಂದಿ ಗ್ವಾಡಿಗೆ ಬೆನ್ನ ಹಚ್ಚಿ, ಕೈ ಕಟ್ಟಿ ನಿಂದರ್ರಿ.”

ನಿಂತೆವು. ಅವರು ಬಾಗಿಲ ಹತ್ತಿರ ಚಪ್ಪಲಿ ಬಿಡುವ ಜಾಗಕ್ಕೆ ಹೋಗಿ, ನಮಗೆ ಬೆನ್ನು ತಿರುಗಿಸಿ, ಜೋರಾಗಿ ಸೀಟಿ ಹೊಡೆದರು. ಯಾರೂ ಮುಟ್ಟದ ರೋಬೋಟ್ ಮೇಜಿನ ಮೇಲೆ ಧಡಕ್ಕನೆ ಓಡಿತು. “ಯಾರ್ರೀ ಅದು ಸೀಟಿ ಹೊಡ್ಯಾಕತ್ತಾವ್ರು?” ಎಂದು ಕಾರ್ಯಕರ್ತನೊಬ್ಬ ಬೈಯುತ್ತ ಓಡಿ ಬಂದ. ಮಾಸ್ತರು ಅವನ ಕಡೆ ನೋಡಲಿಲ್ಲ. ನಮ್ಮ ಮುಂದೆ ಬಂದು ನಿಂತು, ತಪ್ಪು ಮಾಡಿದ ಆಟಗಾರ ಮೈದಾನದಲ್ಲಿ ಎತ್ತುವ ಹಾಗೆ ಬಲಗೈ ಮೇಲಕ್ಕೆ ಎತ್ತಿದರು.

“ಸೀಟಿ ಕಲಸ್ರಿ ಅಂದಾಂವ ನಾನು. ನಾಕು ಸೀಟಿ ಇರ್ತಾವ ಅನ್ನೂದ ನನಗ ಹೊಳೀಲಿಲ್ಲ. ಫೌಲ್ ನಂದು. ಈಕಿದಲ್ಲ.”

ಟೀಚರು ಮೆಲ್ಲಗೆ, “ಆದ್ರೂ ಸರ, ಆಕಿ ಅಂಜ್ಯಾಳ್ರಿ, ಎರಡನೇ ಸುತ್ತಿಗೆ ಬ್ಯಾರೇದವ್ರು ನಿಂತ್ರ ಚೊಲೋ” ಎಂದರು.

“ಅಂಜಿಲ್ಲ ಆಕಿ, ಸಿಟ್ಟಿಗೆದ್ದಾಳ. ಘೋಣಸಗೀನ ನಿಂದರ್ತಾಳ.”

ಕೈಯೆತ್ತಿ ನಿಂತ ಆ ಗಿಡ್ಡ ಮನುಷ್ಯನನ್ನು ನೋಡಿ ನನ್ನ ಎದೆ ತುಂಬಿ ಬಂತು. ಆದರೆ ಅಳುತ್ತ ಕೂಡಲು ಹೊತ್ತಿರಲಿಲ್ಲ. ಕಿವಿಯ ಭಾಗವನ್ನು ಅಳಿಸಿ ಹಾಕಿ, ಗುಂಡಿ ಒತ್ತಿದರೆ ಮಾತ್ರ ಓಡುವ ಹಾಗೆ ಬರೆದೆ. ಮಮದಾಪುರ ಗಾಲಿಗಳನ್ನು ಒರೆಸಿದ. ತಿಕೋಟಾ ನನ್ನ ಅಂಗೈಗೆ ನಾಲ್ಕು ಮಣೂಕ ಹಾಕಿದಳು. ಆ ವಯಸ್ಸಿನಲ್ಲಿ ತಪ್ಪಾಯಿತು ಅನ್ನುವ ರೀತಿ ಅಷ್ಟೇ.

ಎರಡನೇ ಸುತ್ತಿನಲ್ಲಿ ಪಕ್ಕದ ಮೇಜಿನ ಸೀಟಿ ಮೊದಲು ಬಿತ್ತು. ನನ್ನ ಬೆರಳು ಅಲ್ಲಾಡಲಿಲ್ಲ. ಆಮೇಲೆ ನಮ್ಮ ಅಂಪೈರು ಹೊಡೆದರು. ಇದು ನಮ್ಮದೇ ತಾನೆ ಎಂದು ನಾನು ಅವರ ಮುಖವನ್ನೊಮ್ಮೆ ನೋಡಿದೆ. ಹಗ್ಗದ ಆಚೆಯಿಂದ ಕಲ್ಯಾಣ ಮಂಟಪದ ಸೂರು ಹಾರುವಂತೆ ಮಾಸ್ತರರ ಕೂಗು ಬಂತು: “ಒತ್ತ ಬೇ ಯವ್ವಾ! ಈಗ್ಯಾಕ ಕುಂತಿ?” ಒತ್ತಿದೆ. ರೋಬೋಟ್ ಗೆರೆ ಹಿಡಿದು ನಡೆಯಿತು. ಒಂದು ಡಬ್ಬಿ ಅಂಚಿನಲ್ಲಿ ಮಗುಚಿತು, ಉಳಿದವೆಲ್ಲ ಮನೆ ಮುಟ್ಟಿದವು. ಮುಂದಿನ ಹಂತಕ್ಕೆ ಆರಿಸಿದ ತಂಡಗಳಲ್ಲಿ ನಮ್ಮದು ಎಲ್ಲಕ್ಕೂ ಕೊನೆಯದು, ಆದರೂ ಇತ್ತು. ಬೆಳಗಾವಿಯಲ್ಲಿ ನಮ್ಮನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ, ಕುಂದಾ ತಿಂದು ಬಂದೆವು. ಅದಕ್ಕೆ ನನಗೆ ಬೇಜಾರಿಲ್ಲ.

ವಿಜಯಪುರದಿಂದ ಮರಳುವಾಗ ತಿಕೋಟಾಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕದ ಜಾಗಕ್ಕೆ ಮಾಸ್ತರು ಬಂದು ಕೂತರು. ಊರು ದಾಟಿ, ಇಬ್ಬದಿಗೂ ದ್ರಾಕ್ಷಿ ತೋಟಗಳು ಶುರುವಾದಾಗ ನನ್ನ ಕಡೆ ತಿರುಗಿದರು.

“ಘೋಣಸಗಿ, ಖೋಖೋದಾಗ ಆವತ್ತ ಮೂರು ಫೌಲ್ ಕೊಟ್ಟಿದ್ದೆ ನೋಡು.”

“ಹೌದ್ರಿ.”

“ಮೊದಲಿನ ಎರಡ ನಾ ಕಣ್ಣಾರೆ ನೋಡೇನಿ. ಮೂರನೇದು ನೋಡಿಲ್ಲ. ಆಗ ನಾ ಕಂಬದ ಕಡೆ ನೋಡಾಕತ್ತಿದ್ದೆ. ಹೊಳ್ಳಿ ನೋಡೂದ್ರಾಗ ನೀ ಎದ್ದಿದ್ದಿ. ಈಕಿ ಮುಂಚೇನ ಎದ್ದಿರಬೇಕು ಅಂತ ಅಂದಾಜಿನ ಮ್ಯಾಲ ಸೀಟಿ ಹೊಡದೆ.”

ಇಷ್ಟು ದಿನ ಅವರೊಬ್ಬರಿಗೆ ಅದು ಗೊತ್ತಿತ್ತು. ಹೇಳಬೇಕೆಂದು ಅವರಿಗೆ ಅನ್ನಿಸಿದ್ದು ಇವತ್ತು.

“ನೀ ಆವತ್ತೂ ಖರೇನ ಹೇಳಿದ್ದಿ” ಎಂದರು. “ನಾ ಕೇಳಲಿಲ್ಲ.”

ನಾನು ಕಣ್ಣೊರೆಸಿಕೊಂಡೆ. ಒರೆಸಿಕೊಂಡವಳೇ ಕೇಳಿಬಿಟ್ಟೆ: “ಹಂಗಾರ ಸೋಮವಾರದಿಂದ ಖೋಖೋಕ್ಕ ಬರ್ಲೇನ್ರಿ ಸರ?”

“ಬ್ಯಾಡ.”

“ಯಾಕ್ರಿ?”

“ಎರಡು ಖರೇ ಅದಾವಲ್ಲ.”

ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ ನಾನು ನಕ್ಕೆ. ಅವರು ನಗಲಿಲ್ಲ, ಕಿಟಕಿಯ ಕಡೆ ಮುಖ ಮಾಡಿ ಕೂತರು. ನನ್ನನ್ನು ನಂಬಿದರು, ಆದರೆ ನಂಬಿದ್ದಕ್ಕಾಗಿ ನನ್ನ ತಪ್ಪನ್ನು ಮಾಫಿ ಮಾಡಲಿಲ್ಲ. ಅವರ ಮೇಲೆ ನನಗೆ ಇವತ್ತಿಗೂ ಇರುವ ಗೌರವ ಆ ಬಸ್ಸಿನಲ್ಲಿ ಹುಟ್ಟಿದ್ದು.

ಮನೆ ಮುಟ್ಟಿದಾಗ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಗೆದ್ದಿರೋ ಸೋತಿರೋ ಎಂದು ಅವಳು ತಲೆಯೆತ್ತಿ ಕೇಳುವ ಮೊದಲೇ, ಚಪ್ಪಲಿ ಕೂಡ ಬಿಡದೆ, ಹೊಸ್ತಿಲಲ್ಲೇ ನಿಂತು ಹೇಳಿದೆ:

“ಅವ್ವಾ, ನಂದು ಮೂರು ಫೌಲ್ ಅಲ್ಲ. ಎರಡ!”